ಕೊಯ್ನಾ ನೆಲವನ್ನು ಕೆಣಕಿದ್ದು ಯಾರು?

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿಳಿದು ಲ್ಯಾಮಿಂಗ್ಟನ್ ರೋಡ್ ಕಡೆ ನಡೆದರೆ ಇಂದಿಗೂ ಹಳೆಯ ಚಾಳುಗಳು, ಸವೆದ ಮರದ ಮೆಟ್ಟಿಲುಗಳು ಕಾಣಸಿಗುತ್ತವೆ. ಅವನ್ನು ಹತ್ತುವಾಗಲೆಲ್ಲ ನನಗೆ 1967ರ ಡಿಸೆಂಬರ್ 11 ನೆನಪಾಗುತ್ತದೆ. ಸೋಮವಾರ, ಬೆಳಗಿನ ಜಾವ 4 ಗಂಟೆ 21 ನಿಮಿಷ. ಉಡುಪಿ ಹೋಟೆಲುಗಳಲ್ಲಿ ಒಲೆ ಹಚ್ಚುವ ಹೊತ್ತು. ಮುಂಬಯಿ ನಡುಗಿತು, ಕರೆಂಟೂ ಹೋಯಿತು. ಸುಮಾರು 200 ಕಿ.ಮೀ. ದೂರದ ಕೊಯ್ನಾ ವಿದ್ಯುದಾಗಾರ ನಿಂತುಹೋಗಿತ್ತು. ಕೊಯ್ನಾನಗರದಲ್ಲಿ ಮನೆಗಳುರುಳಿ ಸುಮಾರು 200 ಜನ ಸತ್ತಿದ್ದರು.

ದಖ್ಖನ್ ನೆಲ ಗಟ್ಟಿ, ಅದು ಅಲುಗದು ಎಂದು ತಿಳಿದವರೇ ನಂಬಿದ್ದ ಕಾಲ. 1962ರ ಭೂಕಂಪ ನಕ್ಷೆಯಲ್ಲಿ ‘ಶೂನ್ಯ ವಲಯ’ ಎಂದೇ ಒಂದಿತ್ತು. ತಜ್ಞರಿಗೆ ಅದು ಲೆಕ್ಕದ ಗುರುತು. ನಮ್ಮ ನಿಮ್ಮಂಥವರ ಕಿವಿಗೆ ಶೂನ್ಯವೆಂದರೆ ಏನೂ ಆಗದು ಎಂದೇ ಅರ್ಥ. 1970ರಲ್ಲಿ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು.

ನೆಲ ಮಾತ್ರ ಮುಂಚೆಯೇ ಸುಳಿವು ಕೊಟ್ಟಿತ್ತು. 1962ರಲ್ಲಿ, 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಶಿವಾಜಿ ಸಾಗರ ತುಂಬತೊಡಗಿದ ಮೇಲೆ ಸುತ್ತಲಿನವರಿಗೆ ಸಿಡಿಮದ್ದಿನಂಥ ಸದ್ದು, ಸಣ್ಣ ನಡುಕ. ಖಡಕ್‌ವಾಸ್ಲಾದ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದವರು ಅದನ್ನೆಲ್ಲ ಯಂತ್ರಗಳಲ್ಲಿ ದಾಖಲಿಸುತ್ತಿದ್ದರು.

ಹಾಗಾದರೆ ಅಣೆಕಟ್ಟೇ ಭೂಕಂಪ ಮಾಡಿತೇ? ಇಲ್ಲೇ ಇರುವುದು ವಿಜ್ಞಾನಿಯ ಪೇಚಾಟ. ಹೌದೆಂದರೂ ಅರ್ಧ ಸತ್ಯ, ಇಲ್ಲವೆಂದರೂ ಅರ್ಧ ಸತ್ಯ. ಬಂಡೆಯ ಬಿರುಕಿನಲ್ಲಿ ಬಿಗುವು ಮೊದಲೇ ಇತ್ತು. ಒಳಗಿಳಿದ ನೀರಿನ ಒತ್ತಡ ಅದು ಜಾರಲು ದಾರಿ ಮಾಡಿತು. ಇದನ್ನು ದಶಕಗಟ್ಟಲೆ ಅಭ್ಯಸಿಸಿದ ಹೈದರಾಬಾದಿನ ಹರ್ಷ ಗುಪ್ತ ಅವರು ಮೊದಮೊದಲು ‘ಇಂಡ್ಯೂಸ್ಡ್’ ಎಂದು ಬರೆಯುತ್ತಿದ್ದರು, ಮುಂದೆ ‘ಟ್ರಿಗರ್ಡ್’ ಪದವೇ ಸರಿಯೆಂದರು. ಕನ್ನಡದಲ್ಲಿ ‘ಪ್ರೇರಿತ ಭೂಕಂಪ’ ಎನ್ನುತ್ತೇವೆ. ನನ್ನನ್ನು ಕೇಳಿದರೆ ‘ಕೆಣಕಿದ ಭೂಕಂಪ’ ಎನ್ನಬೇಕು. ನಮ್ಮ ಅಜ್ಜಿಗೂ ಅರ್ಥವಾಗುತ್ತದೆ.

ನಕ್ಷೆಯಿಂದ ಶೂನ್ಯವೇನೋ ಹೋಯಿತು, ಒಂದನೇ ವಲಯ ಉಳಿಯಿತು. ಅದೇ ಕನಿಷ್ಠ ಅಪಾಯದ ವಲಯದಲ್ಲಿತ್ತು ನಮ್ಮ ಬೀದರ್, ಕಲಬುರಗಿಗೆ ಹತ್ತಿರದ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಬಿಟ್ಟು ಬಂದು ಮಲಗಿದ್ದ 7,500ಕ್ಕೂ ಹೆಚ್ಚು ಜನ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯಡಿ ಸಿಕ್ಕಿ ಸತ್ತರು. 2002ರ ನಕ್ಷೆಯಲ್ಲಿ ಒಂದನೇ ವಲಯವನ್ನೂ ತೆಗೆದರು. ಮುಂಬಯಿ ಅದರಲ್ಲಿ ಮೂರನೆಯದರಲ್ಲಿದೆ ಎಂಬುದನ್ನು ಈ ಚಾಳಿನವರಿಗೆ ಎಷ್ಟು ಜನ ಹೇಳಿದ್ದಾರೋ!

ಕೊಯ್ನಾ ಇನ್ನೂ ಸಣ್ಣಗೆ ಮಿಡುಕುತ್ತಲೇ ಇದೆ. ಅದಕ್ಕೆ ಹತ್ತಿರದಿಂದ ಕಿವಿಗೊಡಲೆಂದು 2017ರಲ್ಲಿ ವಿಜ್ಞಾನಿಗಳು ಅಲ್ಲಿ 3 ಕಿ.ಮೀ. ಆಳದ ಕೊಳವೆಬಾವಿ ಕೊರೆದು ಮುಗಿಸಿದ್ದಾರೆ.