ಚೆನ್ನೈ ಸೀಮೆಯಲ್ಲಿ ಜಿಯೋಕ್ಯಾಶಿಂಗ್ ಮತ್ತು ಜಿಯೋಹ್ಯಾಶಿಂಗ್

ಅಕ್ಷಾಂಶ, ರೇಖಾಂಶಗಳ ಜಾಡು ಹಿಡಿದು, ಉಪಗ್ರಹ ಸಂಕೇತಗಳ ನೆರವಿನಿಂದ ಒಂದು ಗೊತ್ತಾದ ಜಾಗವನ್ನು ತಲುಪುವ ಎರಡು ಹೊರಾಂಗಣ ಹವ್ಯಾಸಗಳು. ಜಿಯೋಕ್ಯಾಶಿಂಗ್‌ನಲ್ಲಿ ಆ ಜಾಗದಲ್ಲಿ ಯಾರೋ ಬಚ್ಚಿಟ್ಟ ಡಬ್ಬಿ ಇರುತ್ತದೆ. ಜಿಯೋಹ್ಯಾಶಿಂಗ್‌ನಲ್ಲಿ ಏನೂ ಇರುವುದಿಲ್ಲ. ಜಾಗವನ್ನು ಗೊತ್ತು ಮಾಡುವುದು ಒಂದು ಲೆಕ್ಕ. ಎರಡೂ ಅಮೆರಿಕದಲ್ಲಿ ಹುಟ್ಟಿದವು. ಕೆರೆ, ಗದ್ದೆ, ತಾಳೆಮರಗಳ ಸಾಲು ಮತ್ತು ಕಡಲು ಸುತ್ತುವರಿದ ಚೆನ್ನೈಯಲ್ಲಿ ಈ ಆಟಗಳು ಬೇರೆಯದೇ ರೂಪ ತಾಳುತ್ತವೆ.

ಜಿಪಿಎಸ್ ಸಂಕೇತವನ್ನು ಸಾರ್ವಜನಿಕರಿಗೆ ಬೇಕೆಂದೇ ಮಸುಕುಗೊಳಿಸಿ ಕೊಡುತ್ತಿದ್ದ ಅಮೆರಿಕ ಸರ್ಕಾರ 2000ದ ಮೇ ಆರಂಭದಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಮೇ 3ರಂದೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದ. ಪುಸ್ತಕ, ಕವಣೆ, ಬೀನ್ಸ್ ತುಂಬಿದ ಒಂದು ಡಬ್ಬಿ ಅದರಲ್ಲಿದ್ದವು. ಹುಡುಕಿದವರು ಏನಾದರೂ ತೆಗೆದುಕೊಂಡರೆ ಏನಾದರೂ ಇಟ್ಟು, ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಬೇಕು. ನಿಯಮ ಇಂದಿಗೂ ಹೆಚ್ಚುಕಡಿಮೆ ಅದೇ. ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು, ನೆಲ ಅಗೆದು ಹೂಳಬಾರದು. ಹುಡುಕುವ ಕಷ್ಟಕ್ಕೂ ದಾರಿಯ ಕಷ್ಟಕ್ಕೂ 1ರಿಂದ 5ರವರೆಗೆ ಬೇರೆಬೇರೆ ಅಂಕ ಕೊಡುತ್ತಾರೆ.

ಈ ಆಟ ನಮ್ಮ ಊರುಗಳಿಗೆ ಅಷ್ಟಾಗಿ ಒಗ್ಗಲಿಲ್ಲ. ಚೆನ್ನೈ, ಬೆಂಗಳೂರುಗಳಲ್ಲಿ ಡಬ್ಬಿಗಳಿವೆ, ನಿಜ. ಆದರೆ ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ ಎಂದು ರೈಲು ನಿಲ್ದಾಣದಲ್ಲಿ ದಿನವಿಡೀ ಕೂಗಿ ಹೇಳುವ ಊರಿನಲ್ಲಿ, ಸೇತುವೆಯ ಕೆಳಗೆ ಕೈಹಾಕಿ ತಡಕಾಡುವವನನ್ನು ಯಾರೂ ಆಟಗಾರನೆಂದು ತಿಳಿಯುವುದಿಲ್ಲ. ಜನ ಓಡಾಡದ ಜಾಗವೂ ಇಲ್ಲಿ ಕಡಿಮೆ. ಡಬ್ಬಿ ಹೆಚ್ಚು ದಿನ ಉಳಿಯುವುದು ಕಷ್ಟ. ಡಬ್ಬಿಯ ಗೊಡವೆಯೇ ಇಲ್ಲದೆ ಒಂದು ಬಂಡೆಯನ್ನೋ ಭೂರಚನೆಯನ್ನೋ ನೋಡಿ ಪ್ರಶ್ನೆಗೆ ಉತ್ತರಿಸುವ ಅರ್ತ್‌ಕ್ಯಾಶ್ ಎಂಬ ಬಗೆಯೇ ನಮಗೆ ವಾಸಿ.

ಜಿಯೋಹ್ಯಾಶಿಂಗ್‌ಗೆ ಆ ತೊಡಕಿಲ್ಲ. 2008ರ ಮೇ ತಿಂಗಳಲ್ಲಿ ರ್ಯಾಂಡಲ್ ಮನ್ರೋ ತಮ್ಮ ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರ ಮಾಲೆಯ 426ನೆಯ ಕಂತಿನಲ್ಲಿ ಇದರ ಸೂತ್ರ ಕೊಟ್ಟರು. ದಿನಾಂಕವನ್ನೂ ನ್ಯೂಯಾರ್ಕ್ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕದ ಆರಂಭದ ಮೌಲ್ಯವನ್ನೂ ಜೋಡಿಸಿ ಎಂಡಿ5 ಎಂಬ ಗಣಕ ಲೆಕ್ಕಕ್ಕೆ ಒಡ್ಡಿದರೆ 16ರ ಮಾನದ 32 ಅಂಕಿಗಳು ಬರುತ್ತವೆ. ಅವನ್ನು ಎರಡು ಪಾಲು ಮಾಡಿ ದಶಮಾಂಶಕ್ಕೆ ತಿರುಗಿಸಿ, ಒಂದನ್ನು ನಮ್ಮ ಅಕ್ಷಾಂಶದ ಪೂರ್ಣಾಂಕದ ಮುಂದೆ, ಇನ್ನೊಂದನ್ನು ರೇಖಾಂಶದ ಮುಂದೆ ಬರೆದುಕೊಂಡರೆ ಆ ದಿನದ ಜಾಗ ಸಿಕ್ಕಿತು. ಷೇರುಪೇಟೆ ತೆರೆಯುವವರೆಗೆ ಯಾರಿಗೂ ಅದು ಮೊದಲೇ ಗೊತ್ತಾಗುವಂತಿಲ್ಲ.

ಮನ್ರೋ ಕೊಟ್ಟ ಮಾದರಿಯನ್ನೇ ನೋಡೋಣ. 2005ರ ಮೇ 26, ಸೂಚ್ಯಂಕ 10458.68, ಬರುವ ಭಿನ್ನಾಂಕಗಳು 0.857713 ಮತ್ತು 0.544543. ಬೆಂಗಳೂರಿನ 12, 77ರ ಮುಂದೆ ಇವನ್ನಿಟ್ಟರೆ ಕನಕಪುರ ರಸ್ತೆಯ ಕಡೆಯ ಅಂಜನಾಪುರದ ಆಸುಪಾಸಿಗೆ ಬರುತ್ತೇವೆ; ಬಸ್ಸಿನಲ್ಲೇ ಹೋಗಬಹುದು. ಚೆನ್ನೈಯ 13, 80ರ ಮುಂದೆ ಇಟ್ಟರೆ ಶ್ರೀಹರಿಕೋಟದಿಂದಾಚೆ, ತೀರದಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಬಂಗಾಳ ಕೊಲ್ಲಿಯ ನೀರಿನಲ್ಲಿರುತ್ತೇವೆ.

ಚೆನ್ನೈಯವರ ಪಾಡು ಬಹುತೇಕ ಇದೇ. ಭಿನ್ನಾಂಕ ಏನೇ ಬಂದರೂ ಜಾಗ ಬೀಳುವುದು ಆ ಪೂರ್ಣಾಂಕಗಳ ಒಂದು ಡಿಗ್ರಿಯ ಚೌಕದೊಳಗೇ. ಈ ಅಕ್ಷಾಂಶದಲ್ಲಿ ಆ ಚೌಕ ಅಂದರೆ ಸುಮಾರು 110 ಕಿ.ಮೀ. ಉದ್ದ, 108 ಕಿ.ಮೀ. ಅಗಲ. ಚೆನ್ನೈಯ ಚೌಕದಲ್ಲಿ ಕರಾವಳಿಗೆ ಅಂಟಿಕೊಂಡ ಪಟ್ಟಿಯಷ್ಟೇ ನೆಲ: ಪೊನ್ನೇರಿ, ಗುಮ್ಮಿಡಿಪೂಂಡಿ, ಆಂಧ್ರದ ಸುಳ್ಳೂರುಪೇಟೆ, ಪುಲಿಕಾಟ್ ಸರೋವರ. ಉಳಿದದ್ದೆಲ್ಲ ಕಡಲು. 13ನೆಯ ಅಕ್ಷಾಂಶ ಗಿಂಡಿ, ಅಡ್ಯಾರ್, ಬೆಸೆಂಟ್ ನಗರಗಳ ಆಸುಪಾಸಿನಲ್ಲಿ ಹಾದುಹೋಗುವುದರಿಂದ ಊರೇ ಎರಡು ಚೌಕಗಳಿಗೆ ಹಂಚಿಹೋಗಿದೆ. ತಾಂಬರಂ, ಮಾಮಲ್ಲಪುರಗಳು ದಕ್ಷಿಣದ ಚೌಕಕ್ಕೆ ಸೇರುತ್ತವೆ, ಅಲ್ಲಿ ನೆಲ ಇನ್ನೂ ಕಿರಿದು. ಆದ್ದರಿಂದ ಚೆನ್ನೈಯಲ್ಲಿದ್ದು ಹಳ್ಳಿಗಾಡು ನೋಡಬೇಕೆನ್ನುವವರು 79ರ ರೇಖಾಂಶದ ಚೌಕಗಳನ್ನು ಹಿಡಿಯುವುದು ಜಾಣತನ: ಕಾಂಚೀಪುರ, ಚೆಂಗಲ್‌ಪಟ್ಟು, ವೇದಾಂತಂಗಲ್ ಒಂದರಲ್ಲಿ, ತಿರುವಳ್ಳೂರು, ತಿರುತ್ತಣಿ, ಶ್ರೀಕಾಳಹಸ್ತಿ ಇನ್ನೊಂದರಲ್ಲಿ.

ಭಾರತದವರಿಗೆ ಒಂದು ಅನುಕೂಲವೂ ಇದೆ. ನ್ಯೂಯಾರ್ಕ್ ಪೇಟೆ ತೆರೆಯುವಾಗ ನಮಗೆ ಸಂಜೆ ಏಳೋ ಎಂಟೋ ಗಂಟೆ. ಅದಕ್ಕೇ ಪಶ್ಚಿಮ 30ನೆಯ ರೇಖಾಂಶದಿಂದ ಪೂರ್ವಕ್ಕಿರುವವರು ಹಿಂದಿನ ದಿನದ ಮೌಲ್ಯವನ್ನು ಬಳಸಬೇಕೆಂಬ ನಿಯಮ ಬಂತು. ಶುಕ್ರವಾರ ರಾತ್ರಿಗೇ ಶನಿವಾರ, ಭಾನುವಾರ, ಸೋಮವಾರಗಳ ಜಾಗಗಳು ಗೊತ್ತಾಗಿಬಿಡುತ್ತವೆ. ದಾರಿಗೆ ಬುತ್ತಿ ಕಟ್ಟಿಕೊಳ್ಳಲು ಬೇಕಾದಷ್ಟು ಹೊತ್ತಿದೆ.

ಇವೆರಡಕ್ಕೂ ಮೊದಲಿನದು 1996ರಲ್ಲಿ ಅಲೆಕ್ಸ್ ಜ್ಯಾರೆಟ್ ಆರಂಭಿಸಿದ ಡಿಗ್ರಿ ಕಾನ್‌ಫ್ಲುಯೆನ್ಸ್ ಯೋಜನೆ. ಪೂರ್ಣಾಂಕದ ಅಕ್ಷಾಂಶ ರೇಖಾಂಶಗಳು ಕೂಡುವ ಬಿಂದುಗಳಿಗೆ ಹೋಗಿ ಚಿತ್ರ ತೆಗೆಯುವುದು ಅದರ ಕೆಲಸ. 13, 80 ಕೂಡುವುದು ಶ್ರೀಪೆರಂಬದೂರಿಗೂ ಚೆಂಬರಂಬಾಕ್ಕಂ ಕೆರೆಗೂ ನಡುವೆ. ಕರ್ನಾಟಕದಲ್ಲಿ ಇದೇ ಅಕ್ಷಾಂಶ 77ನ್ನು ಕೂಡುವುದು ಕುಣಿಗಲ್ ಸಮೀಪದಲ್ಲಿ.

ಬಿಂದು ಹಿಡಿಯುವ ವಿದ್ಯೆಯಲ್ಲಿ ಚೆನ್ನೈಗಿರುವ ಹಿರಿತನ ಅಮೆರಿಕಕ್ಕಿಲ್ಲ. 1792ರಲ್ಲಿ ನುಂಗಂಬಾಕ್ಕಂನಲ್ಲಿ ನೆಲೆಗೊಂಡ ಮದರಾಸು ವೀಕ್ಷಣಾಲಯದ ರೇಖಾಂಶವೇ ಭಾರತದ ನಕ್ಷೆಗಳಿಗೆ ಆಧಾರವಾಯಿತು. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಸೇಂಟ್ ಥಾಮಸ್ ಮೌಂಟ್, ಅಂದರೆ ಪರಂಗಿಮಲೈ ಬಳಿ ಮಹಾ ತ್ರಿಕೋನಮಿತಿ ಮೋಜಣಿಯ ಆಧಾರರೇಖೆಯನ್ನು ಅಳೆಯತೊಡಗಿದ. ಉದ್ದ ಸುಮಾರು ಏಳೂವರೆ ಮೈಲಿ, ಹಿಡಿದ ದಿನ 57. ನೂರು ಅಡಿಯ ಉಕ್ಕಿನ ಸರಪಳಿಯನ್ನು ಮುಕ್ಕಾಲಿಗಳ ಮೇಲಿನ ಮರದ ದೋಣಿಗಳಲ್ಲಿ ಮಲಗಿಸಿ, ಬಿಸಿಲಿಗೆ ಅದು ಎಷ್ಟು ಹಿಗ್ಗಿತೆಂದು ಉಷ್ಣಮಾಪಕ ನೋಡಿ ಲೆಕ್ಕ ಹಿಡಿದು, ಮತ್ತೆ ಎತ್ತಿ ಮುಂದಕ್ಕಿಡುವ ಕೆಲಸ. ಏಪ್ರಿಲ್, ಮೇ ತಿಂಗಳ ಮದರಾಸಿನ ಬಿಸಿಲು ಕಂಡವರಿಗೆ ಆ ತಾಳ್ಮೆ ಏನೆಂದು ಅರ್ಥವಾದೀತು. ಅಲ್ಲಿಂದ ತ್ರಿಕೋನ ಹೆಣೆಯುತ್ತ ಬೆಂಗಳೂರಿಗೆ ಬಂದು 1804ರಲ್ಲಿ ಇನ್ನೊಂದು ರೇಖೆ ಅಳೆದು ತಾಳೆ ನೋಡಿದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಇಂದಿನ ಮೊಬೈಲು ತೋರಿಸುವ ಜಾಗದಲ್ಲಿ ಕೆಲವು ಮೀಟರುಗಳ ಹೆಚ್ಚುಕಡಿಮೆ ಮಾಮೂಲು.

ಲೆಕ್ಕ ತೋರಿಸಿದಲ್ಲೆಲ್ಲ ಕಾಲಿಡಲಾಗದು. ಭಾರತದ ಸ್ವಂತ ಪಥದರ್ಶಕ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಚಿಮ್ಮಿದ ಶ್ರೀಹರಿಕೋಟ ಚೆನ್ನೈಯ ಚೌಕದೊಳಗೇ ಇದೆ, ಆದರೆ ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲ. ದಕ್ಷಿಣದ ಕಲ್ಪಾಕ್ಕಂ ಅಣುಸ್ಥಾವರದ ಕತೆಯೂ ಅದೇ. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು. ಮಾಮಲ್ಲಪುರದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಡಬ್ಬಿ ಇಡುವ ಮಾತೇ ಬೇಡ. ಪಳ್ಳಿಕರಣೈ ಜೌಗು 2022ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ. ಹಕ್ಕಿಗಳಿಗೆ ತೊಂದರೆಯಾಗದಂತೆ ದೂರದಿಂದಲೇ ನೋಡಬೇಕು. ಉಪಗ್ರಹ ಫೋನನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಹೊರದೇಶದಿಂದ ಬರುವ ಹವ್ಯಾಸಿಗಳು ಇದನ್ನು ತಿಳಿದಿರಬೇಕು.

ಉಳಿದದ್ದು ಖಾಸಗಿ ಗದ್ದೆ, ತೋಟ. ಬದುವಿನ ಮೇಲೆ ನಿಂತ ರೈತರಿಗೆ ಮೊಬೈಲು ತೋರಿಸಿ, ಬಂದ ಕಾರಣ ಹೇಳಿ, ಒಪ್ಪಿಗೆ ಪಡೆದೇ ಇಳಿಯಬೇಕು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಳೆಗೆ ಕೆರೆ ತುಂಬಿ ಗದ್ದೆ ಕೆಸರಾಗಿರುತ್ತದೆ. ಮೇ ತಿಂಗಳಲ್ಲಿ ನಡು ಹಗಲು ನಡೆಯುವುದು ಅಪಾಯ. ಪೊಂಗಲ್ ಹೊತ್ತಿಗೆ ಕೊಯ್ಲು ಮುಗಿಯುತ್ತ ಬರುತ್ತದೆ. ಜನವರಿ, ಫೆಬ್ರುವರಿಗಳೇ ಹೋಗಲು ತಕ್ಕ ಕಾಲ.