ದ್ವಿಚಕ್ರ ವಾಹನಗಳ ಮಾರ್ಪಾಡು: ವಾಹನ ಮಾಲೀಕರ ಗಮನಕ್ಕೆ

ಮೋಟಾರು ವಾಹನ ಕಾಯ್ದೆ 1988ರ ಕಲಂ 52ರನ್ವಯ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪ್ರಮಾಣಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ.

ಕಾರ್ಬ್ಯುರೇಟರ್ ಹೊಂದಿಸುವುದು, ಚೈನ್ ಬಿಗಿಗೊಳಿಸುವುದು, ಸ್ಪಾರ್ಕ್ ಪ್ಲಗ್ ಬದಲಿಸುವುದು ಕೇವಲ ನಿರ್ವಹಣೆ. ಇವುಗಳಿಗೆ ಅನುಮತಿ ಬೇಕಿಲ್ಲ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಂತಹ ಹಳೆಯ ವಾಹನಗಳನ್ನು ಮನೆಯಲ್ಲಿಯೇ ಬಿಚ್ಚಿ ಸಿದ್ಧಪಡಿಸುವವರಿದ್ದಾರೆ. ಅವರ ಶ್ರಮ ಮೆಚ್ಚತಕ್ಕದ್ದೇ. ಆದರೆ ಬೇರೆ ಮಾದರಿಯ ಎಂಜಿನ್ ಜೋಡಿಸಿದಲ್ಲಿ ಅಥವಾ ಚಾಸಿಯನ್ನು ಕತ್ತರಿಸಿ ಬೆಸೆದಲ್ಲಿ ಆ ವಾಹನವು ಪ್ರಮಾಣಪತ್ರದಲ್ಲಿರುವ ವಾಹನವಾಗಿ ಉಳಿಯುವುದಿಲ್ಲ.

ಎಂಜಿನ್ ಬದಲಿಸಲೇಬೇಕಾದಲ್ಲಿ, ಹಣ ತೆರುವ ಮುನ್ನವೇ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸುವುದು ಲೇಸು. ಬದಲಿಸಿದ 14 ದಿನಗಳೊಳಗೆ ಪ್ರಮಾಣಪತ್ರ ಹಾಗೂ ನಿಗದಿತ ಶುಲ್ಕದೊಂದಿಗೆ ವರದಿ ಸಲ್ಲಿಸತಕ್ಕದ್ದು. ನಿಯಮಬಾಹಿರ ಮಾರ್ಪಾಡಿಗೆ 2019ರ ತಿದ್ದುಪಡಿಯು ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಿದೆ.