ಸ್ಪೆಲಿಂಗ್ ತಪ್ಪಿದ ಅಜ್ಜ

ಆಧಾರ್‌ನಲ್ಲೊಂದು, ಪ್ಯಾನ್‌ನಲ್ಲೊಂದು ಸ್ಪೆಲಿಂಗ್ ಇರೋ ಗೋಳು ನಮಗಷ್ಟೇ ಅಲ್ಲ. 1930ರ ದಶಕದ ಅಮೆರಿಕದಲ್ಲಿ ಪಿಂಚಣಿ ಬೇಕಂದ್ರೆ ವಯಸ್ಸಿನ ಪುರಾವೆ ಕೊಡಬೇಕಿತ್ತು. ಎಷ್ಟೋ ಮುದುಕರ ಹತ್ತಿರ ಜನನ ಪತ್ರವೇ ಇರಲಿಲ್ಲ. ಉಳಿದದ್ದು 1880ರ ಜನಗಣತಿ. ಅದರಲ್ಲಿ ಹೆಸರುಗಳೋ, ಗಣತಿದಾರನ ಕಿವಿಗೆ ಬಿದ್ದ ಹಾಗೆ!

ಹುಡುಕೋಕೆ ನೆರವಾದದ್ದು ಸೌಂಡೆಕ್ಸ್. 1918ರಲ್ಲಿ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದದ್ದು. ಮೊದಲಕ್ಷರ ಉಳಿಸಿಕೋ, ಮಿಕ್ಕ ಸ್ವರಗಳನ್ನು ಬಿಡು, ಹತ್ತಿರದ ದನಿಯ ವ್ಯಂಜನಗಳಿಗೆ ಒಂದೇ ಅಂಕಿ ಕೊಡು. ಐ ಹಾಕಿದ ಸ್ಮಿತ್, ವೈ ಹಾಕಿದ ಸ್ಮಿತ್, ಇಬ್ಬರೂ ಎಸ್530.

ಮೊದಲಕ್ಷರವೇ ಬೇರೆಯಾದ್ರೆ ಮಾತ್ರ ಕೈಕೊಡುತ್ತೆ. ನಮ್ಮ ಒಡೆಯರ್ ಇಂಗ್ಲಿಷಿನಲ್ಲಿ ಡಬ್ಲ್ಯೂನಿಂದ ಶುರುವಾದ್ರೆ ಒಂದು ಕಡೆ, ಓನಿಂದ ಶುರುವಾದ್ರೆ ಇನ್ನೊಂದು ಕಡೆ.

ಆದರೂ ಬರೆದವನ ತಪ್ಪಿಗೆ ಅಜ್ಜನ ಪಿಂಚಣಿ ತಪ್ಪಬಾರದು ಅನ್ನೋ ಲೆಕ್ಕ ಅದರಲ್ಲಿತ್ತು. ನಮ್ಮ ಕೌಂಟರುಗಳಿಗೂ ಅದು ಬರಲಿ.